ಕರಗಿಸುವ ಕೈಯನ್ನೇ ಕಟ್ಟಿಹಾಕುವ ಗಡ್ಡೆ

ಮೊನ್ನೆಯ ಸ್ಕ್ಯಾನಿನಲ್ಲಿದ್ದ ಗಡ್ಡೆ ಇವತ್ತಿನ ಸ್ಕ್ಯಾನಿನಲ್ಲಿ ಇಲ್ಲ! ಶಸ್ತ್ರಚಿಕಿತ್ಸೆ ಆಗಿಲ್ಲ, ರೇಡಿಯೇಷನ್ ಕೊಟ್ಟಿಲ್ಲ, ಕೀಮೋಥೆರಪಿಯ ಮಾತೇ ಇನ್ನೂ ಬಂದಿಲ್ಲ. ತಲೆನೋವು, ಕಣ್ಣು ಮಂಜು ಎಂದು ಬಂದವರಿಗೆ ಊತ ಇಳಿಯಲಿ ಅಂತ ಕೆಲವು ದಿನ ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ ಕೊಟ್ಟದ್ದಷ್ಟೇ. ಮತ್ತೆ ಎಂಆರ್‌ಐ ತೆಗೆದರೆ ಮಿದುಳಿನ ಬುಡದಲ್ಲಿ ಬೆಳ್ಳಗೆ ಹೊಳೆಯುತ್ತಿದ್ದ ಉಂಡೆ ಅರ್ಧಕ್ಕೆ ಇಳಿದಿರುತ್ತದೆ. ಕೆಲವರಲ್ಲಿ ಪೂರ್ತಿ ಮಾಯ. ವೈದ್ಯರ ನಡುವೆ ಇಂಥದ್ದಕ್ಕೆ ‘ಘೋಸ್ಟ್ ಟ್ಯೂಮರ್’ ಎಂದೇ ಹೆಸರು. ಮನೆಯವರು ದೇವರಿಗೆ ಕಾಯಿ ಒಡೆಸಲು ಹೊರಟರೆ ವೈದ್ಯರ ಮುಖ ಮಾತ್ರ ಬಿಗಿದುಕೊಳ್ಳುತ್ತದೆ. ಸ್ಟಿರಾಯ್ಡಿಗೆ ಇಷ್ಟು ಬೇಗ ಕರಗುವ ಗಡ್ಡೆ ಯಾವುದಿರಬಹುದೆಂದು ಅವರಿಗೆ ಅನುಮಾನ ಬಂದಾಗಿದೆ. ಅದನ್ನು ಸಾಬೀತು ಮಾಡಲು ಬೇಕಾಗಿದ್ದ ಮಾಂಸದ ಚೂರು ಅಷ್ಟರಲ್ಲಿ ಕೈತಪ್ಪಿದೆ. ವಾರಗಳೋ ತಿಂಗಳುಗಳೋ ಕಳೆದು ಗಡ್ಡೆ ಮರಳಿ ಬರುತ್ತದೆ.

ಅದು ಲಿಂಫೋಮಾ. ಬಿಳಿ ರಕ್ತಕಣಗಳಲ್ಲಿ ಲಿಂಫೋಸೈಟ್ ಎಂಬ ಜಾತಿಯೊಂದಿದೆ. ಸೋಂಕು ಬಂದಾಗ ವೈರಿಯನ್ನು ಗುರುತಿಟ್ಟು ಹೊಡೆಯುವ, ಪ್ರತಿಕಾಯಗಳನ್ನು ತಯಾರಿಸುವ ಕಣಗಳು ಇವು. ಇವು ಹದ್ದು ಮೀರಿ ಬೆಳೆದರೆ ಬರುವ ಕ್ಯಾನ್ಸರ್ ಲಿಂಫೋಮಾ. ಕುತ್ತಿಗೆ, ಕಂಕುಳು, ತೊಡೆಸಂದಿಯ ಗಂಟಾಗಿ ಕಾಣಿಸಿಕೊಳ್ಳುವುದು ಅದರ ಮಾಮೂಲಿ ರೀತಿ. ಮಿದುಳಿಗೆ ಬರುವುದೇ ಅಪರೂಪ. ಮಿದುಳಿನ ಕೆಳಗೆ ತೂಗುವ ಪಿಟ್ಯೂಟರಿ ಗ್ರಂಥಿಯಲ್ಲೇ ಹುಟ್ಟುವುದಂತೂ ಅಪರೂಪದಲ್ಲಿ ಅಪರೂಪ. ವೈದ್ಯಕೀಯ ಪತ್ರಿಕೆಗಳಲ್ಲಿ ಇಂಥವು ಒಬ್ಬೊಬ್ಬ ರೋಗಿಯ ಕಥೆಯಾಗಿ, ಬಿಡಿಬಿಡಿಯಾಗಿ ಅಚ್ಚಾಗುತ್ತವೆ.

ಅಪರೂಪದ ಮಾತು ಬದಿಗಿರಲಿ. ಈ ಗಡ್ಡೆ ಎಲ್ಲಿ ಕುಳಿತಿದೆ ಎಂಬುದನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ. ಲಿಂಫೋಸೈಟನ್ನು ಸಾಯಿಸಬಲ್ಲ ಸ್ಟಿರಾಯ್ಡ್ ಹಾರ್ಮೋನು ನಮ್ಮ ಮೈಯಲ್ಲೇ ಇದೆ: ಕಾರ್ಟಿಸಾಲ್. ಕಿಡ್ನಿಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅದನ್ನು ತಯಾರಿಸುತ್ತವೆ. ತಯಾರಿಸು ಎಂಬ ಆಜ್ಞೆ, ಅಂದರೆ ಎಸಿಟಿಎಚ್ ಎಂಬ 39 ಅಮೈನೋ ಆಮ್ಲಗಳ ಸರಪಳಿ, ಹೊರಡುವುದು ಪಿಟ್ಯೂಟರಿಯಿಂದ. ದಾರಿ ತಪ್ಪಿದ ಲಿಂಫೋಸೈಟುಗಳು ಇಡೀ ಮೈಯನ್ನು ಬಿಟ್ಟು ಗುಂಪುಗೂಡಿದ್ದು ಆ ಆಜ್ಞೆ ಹೊರಡುವ ಬಾಗಿಲಲ್ಲೇ! ಗಡ್ಡೆಗೆ ಬುದ್ಧಿಯಿಲ್ಲ, ಸಂಚು ಹೂಡುವ ಶಕ್ತಿಯಿಲ್ಲ, ಒಪ್ಪೋಣ. ದೇಹ ತನ್ನಷ್ಟಕ್ಕೆ ತಯಾರಿಸುವ ಕಾರ್ಟಿಸಾಲ್‌ನಿಂದ ಲಿಂಫೋಮಾ ವಾಸಿಯಾಗುವುದೂ ಇಲ್ಲ. ಆದರೂ ತನ್ನನ್ನು ಕರಗಿಸುವ ರಾಸಾಯನಿಕದ ಆಜ್ಞಾಪೀಠವನ್ನೇ ಮುಚ್ಚಿಸುವ ಈ ಗಡ್ಡೆಯ ಬಗ್ಗೆ ಓದಿದಾಗೆಲ್ಲ ನನಗೆ ಬೆರಗು ಹೊಸದಾಗುತ್ತದೆ.

ಪಿಟ್ಯೂಟರಿಯ ಗಾತ್ರ ಬಟಾಣಿ ಕಾಳಿನಷ್ಟು, ತೂಕ ಸುಮಾರು ಅರ್ಧ ಗ್ರಾಂ. ಮೂಗಿನ ಹಿಂಬದಿಯ ಸ್ಫೀನಾಯ್ಡ್ ಮೂಳೆಯ ಗುಂಡಿಯಲ್ಲಿ ಅದು ಕುಳಿತಿದೆ. 2ನೇ ಶತಮಾನದ ವೈದ್ಯ ಗ್ಯಾಲೆನ್ ಇದನ್ನು ಮಿದುಳಿನ ಕಫ ಮೂಗಿಗೆ ಇಳಿಯುವ ದಾರಿ ಎಂದುಕೊಂಡಿದ್ದ. 1543ರಲ್ಲಿ ಅಂಗರಚನಾ ತಜ್ಞ ವೆಸೇಲಿಯಸ್ ಕೂಡ ಅದನ್ನೇ ಬರೆದ. ಮೂಗಿನ ಸಿಂಬಳಕ್ಕೂ ಮಿದುಳಿಗೂ ಸಂಬಂಧವಿಲ್ಲ ಎಂದು ಗೊತ್ತಾಗಲು 17ನೇ ಶತಮಾನ ಬರಬೇಕಾಯಿತು. ತಮಾಷೆ ನೋಡಿ, ಮೂಗಿನ ದಾರಿ ಮಾತ್ರ ಸುಳ್ಳಾಗಲಿಲ್ಲ. 1907ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಹರ್ಮನ್ ಶ್ಲೋಫರ್ ಎಂಬ ಶಸ್ತ್ರವೈದ್ಯ ಮೂಗಿನ ಮೂಲಕವೇ ಹೋಗಿ ಪಿಟ್ಯೂಟರಿ ಗಡ್ಡೆಯನ್ನು ತೆಗೆದ. ಇವತ್ತಿಗೂ ಅಲ್ಲಿಗೆ ರಾಜಮಾರ್ಗ ಅದೇ. ಈಗ ಜೊತೆಯಲ್ಲಿ ಎಂಡೋಸ್ಕೋಪ್ ಹೋಗುತ್ತದೆ.

ಈ ಕಾಳಿನ ನೆರೆಹೊರೆ ಬಲು ಇಕ್ಕಟ್ಟು. ನೆತ್ತಿಯ ಮೇಲೆಯೇ ಎರಡೂ ಕಣ್ಣುಗಳ ನರಗಳು ಕತ್ತರಿಯಾಗಿ ಹಾಯುತ್ತವೆ. ಎಡಬಲದಲ್ಲಿ ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ಧಮನಿಗಳು, ಅವುಗಳ ಮಗ್ಗುಲಲ್ಲಿ ಕಣ್ಣುಗುಡ್ಡೆಯನ್ನು ಆಡಿಸುವ ನರಗಳು. ಗ್ರಂಥಿಯ ಮುಂಭಾಗ ಬೆಳವಣಿಗೆಯ ಹಾರ್ಮೋನು, ಹಾಲೂಡಿಸುವ ಪ್ರೊಲ್ಯಾಕ್ಟಿನ್, ಥೈರಾಯ್ಡನ್ನು ಎಬ್ಬಿಸುವ ಟಿಎಸ್‌ಎಚ್, ಮುಟ್ಟು-ಬಸಿರು-ವೀರ್ಯಗಳನ್ನು ನಡೆಸುವ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್, ಜೊತೆಗೆ ನಮ್ಮ ಎಸಿಟಿಎಚ್ ಇಷ್ಟನ್ನೂ ತಯಾರಿಸುತ್ತದೆ. ಹಿಂಭಾಗಕ್ಕೆ ಸ್ವಂತ ತಯಾರಿಕೆ ಇಲ್ಲ. ಮೇಲಿನ ಹೈಪೊಥಲಾಮಸ್ ಕಳಿಸಿದ ವ್ಯಾಸೊಪ್ರೆಸಿನ್ ಮತ್ತು ಆಕ್ಸಿಟೋಸಿನ್‌ಗಳನ್ನು ದಾಸ್ತಾನಿಟ್ಟು ಬೇಕಾದಾಗ ಬಿಡುವುದಷ್ಟೇ ಅದರ ಕೆಲಸ. ವಿಸ್ಮಯವೆಂದರೆ ಎಂಆರ್‌ಐನ ಒಂದು ಬಗೆಯ ಚಿತ್ರದಲ್ಲಿ ಆ ವ್ಯಾಸೊಪ್ರೆಸಿನ್ ದಾಸ್ತಾನು ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಬದುಕಿರುವ ಮನುಷ್ಯನ ತಲೆಯೊಳಗೆ ಹಾರ್ಮೋನಿನ ಉಗ್ರಾಣವನ್ನು ಕಣ್ಣಾರೆ ನೋಡಬಹುದು! ಗಡ್ಡೆಯೋ ಉರಿಯೂತವೋ ಅಲ್ಲಿಗೆ ನುಗ್ಗಿದರೆ ಆ ಚುಕ್ಕೆ ಆರಿಹೋಗುತ್ತದೆ.

ಮೇಲಿನಿಂದ ಕೆಳಕ್ಕೆ ಆಜ್ಞೆ ಬರುತ್ತದೆ ಎಂಬುದೂ ಸುಲಭಕ್ಕೆ ತಿಳಿದದ್ದಲ್ಲ. 1930ರಲ್ಲಿ ಲಂಡನ್ನಿನ ಪೋಪಾ ಮತ್ತು ಫೀಲ್ಡಿಂಗ್ ಹೈಪೊಥಲಾಮಸ್ಸಿಗೂ ಪಿಟ್ಯೂಟರಿಗೂ ನಡುವೆ ಸಣ್ಣ ರಕ್ತನಾಳಗಳ ಜಾಲ ಕಂಡರು. ರಕ್ತ ಕೆಳಗಿಂದ ಮೇಲಕ್ಕೆ ಹರಿಯುತ್ತದೆ ಅಂದರು. 1936ರಲ್ಲಿ ವಿಸ್ಲಾಕಿ ಮತ್ತು ಕಿಂಗ್ ಅದು ಮೇಲಿನಿಂದ ಕೆಳಕ್ಕೆ ಎಂದು ತಿರುಗಿಸಿ ಹೇಳಿದರು. ಆ ನಾಳಗಳಲ್ಲೇ ಮಿದುಳು ರಾಸಾಯನಿಕ ಸಂದೇಶ ಇಳಿಸುತ್ತದೆ ಎಂದು ಜೆಫ್ರಿ ಹ್ಯಾರಿಸ್ ಪ್ರಯೋಗಗಳ ಮೂಲಕ ಪಟ್ಟು ಹಿಡಿದು ತೋರಿಸಿದ. ಆ ಸಂದೇಶಗಳನ್ನು ಕುರಿ, ಹಂದಿಗಳ ಲಕ್ಷಗಟ್ಟಲೆ ಮಿದುಳುಗಳಿಂದ ಹಿಂಡಿ ತೆಗೆದ ಗಿಯೆಮಾ ಮತ್ತು ಶಾಲಿ 1977ರ ನೊಬೆಲ್ ಹಂಚಿಕೊಂಡರು.

ಇನ್ನು ಲಿಂಫೋಸೈಟಿಗೂ ಅಡ್ರಿನಲ್‌ಗೂ ಇರುವ ನಂಟಿಗೆ ಬರೋಣ. ಇದರ ಎಳೆ ಹಿಡಿದು ಹೋದರೆ ಲಂಡನ್ನಿನ ಗೈಸ್ ಆಸ್ಪತ್ರೆ ಸಿಗುತ್ತದೆ. 1832ರಲ್ಲಿ ದುಗ್ಧಗ್ರಂಥಿಗಳ ಗಡ್ಡೆಯನ್ನು, ಅಂದರೆ ಲಿಂಫೋಮಾವನ್ನು, ಮೊದಲು ವಿವರಿಸಿದ ಥಾಮಸ್ ಹಾಡ್ಜ್‌ಕಿನ್ ಅಲ್ಲಿಯವನು. 1855ರಲ್ಲಿ ಅಡ್ರಿನಲ್ ಸತ್ತರೆ ಮನುಷ್ಯ ಹೇಗೆ ಬಳಲಿ, ಕಪ್ಪಾಗಿ, ಸೊರಗಿ ಸಾಯುತ್ತಾನೆಂದು ಬರೆದ ಥಾಮಸ್ ಆಡಿಸನ್ ಕೂಡ ಅಲ್ಲಿಯವನೇ! ಒಂದೇ ಆಸ್ಪತ್ರೆ, ಇಬ್ಬರು ಥಾಮಸ್‌ಗಳು. ಒಬ್ಬನ ಕಾಯಿಲೆಗೆ ಇನ್ನೊಬ್ಬನ ಗ್ರಂಥಿಯಲ್ಲಿ ಮದ್ದಿನ ಸುಳಿವಿದೆ ಎಂಬುದು ಇಬ್ಬರ ಕನಸಿನಲ್ಲೂ ಬಂದಿರಲಾರದು.

ನೂರು ವರ್ಷ ಕಳೆದ ಮೇಲೆ ತುಣುಕುಗಳು ಒಂದೊಂದಾಗಿ ಸೇರತೊಡಗಿದವು. 1936ರಲ್ಲಿ ಮಾಂಟ್ರಿಯಲ್‌ನ ಹಾನ್ಸ್ ಸೆಲ್ಯೆ ಇಲಿಗಳಿಗೆ ಚಳಿ, ಗಾಯ, ವಿಷ ಏನೇ ಕಷ್ಟ ಕೊಟ್ಟರೂ ಅವುಗಳ ಅಡ್ರಿನಲ್ ಊದುತ್ತದೆ, ಎದೆಯೊಳಗಿನ ಥೈಮಸ್ ಗ್ರಂಥಿ ಸುಕ್ಕಿಹೋಗುತ್ತದೆ ಎಂದು ಕಂಡ. ಥೈಮಸ್ ಎಂದರೆ ಲಿಂಫೋಸೈಟುಗಳ ಗರಡಿಮನೆ. 1940ರ ದಶಕದ ಆರಂಭದಲ್ಲಿ ಯೇಲ್‌ನ ಡೊಹರ್ಟಿ ಮತ್ತು ವೈಟ್ ಪ್ರಾಣಿಗಳಿಗೆ ಪಿಟ್ಯೂಟರಿಯ ಎಸಿಟಿಎಚ್ ಚುಚ್ಚಿದರು, ಲಿಂಫೋಸೈಟುಗಳು ಕರಗಿದವು. 1944ರಲ್ಲಿ ಮೇಯೊ ಕ್ಲಿನಿಕ್‌ನ ಹೈಲ್‌ಮನ್ ಮತ್ತು ಕೆಂಡಲ್, ಆಗಿನ್ನೂ ‘ಕಾಂಪೌಂಡ್ ಇ’ ಎಂದು ಕರೆಯುತ್ತಿದ್ದ, ಕಾರ್ಟಿಸಾಲ್‌ನ ಸೋದರನಾದ ಕಾರ್ಟಿಸೋನನ್ನು ಲಿಂಫೋಸೈಟ್ ಗಡ್ಡೆಯಿದ್ದ ಸುಂಡಿಲಿಗಳಿಗೆ ಕೊಟ್ಟರು. ಗಡ್ಡೆಗಳು ಕುಗ್ಗಿದವು. ಸಂಧಿವಾತಕ್ಕೆ ಕಾರ್ಟಿಸೋನ್ ಕೊಟ್ಟು ಜಗತ್ತನ್ನೇ ಬೆರಗಾಗಿಸಿದ ಹೆಂಚ್‌ನ ಪ್ರಯೋಗಕ್ಕೆ ಇನ್ನೂ ನಾಲ್ಕು ವರ್ಷ ಬಾಕಿಯಿತ್ತು! 1950ರ ನೊಬೆಲ್ ಬಂದದ್ದು ಆ ದಾರಿಯಲ್ಲಿ. ಸುಂಡಿಲಿಗಳ ಕಥೆ ಮೂಲೆಗೆ ಸರಿಯಿತು. ನನ್ನ ಕೇಳಿದರೆ ಅದೂ ಅಷ್ಟೇ ದೊಡ್ಡ ಕಥೆ.

1949ರಲ್ಲಿ ನ್ಯೂಯಾರ್ಕ್‌ನ ಮೆಮೋರಿಯಲ್ ಆಸ್ಪತ್ರೆಯಲ್ಲಿ ಪಿಯರ್ಸನ್ ಮತ್ತು ಸಂಗಡಿಗರು ಲಿಂಫೋಮಾ ಇದ್ದ ಮನುಷ್ಯರಿಗೇ ಎಸಿಟಿಎಚ್ ಮತ್ತು ಕಾರ್ಟಿಸೋನ್ ಕೊಟ್ಟು ನೋಡಿದರು. ಆ ದಿನಗಳಲ್ಲಿ ಎಸಿಟಿಎಚ್ ಸಿಗುತ್ತಿದ್ದುದು ಕಸಾಯಿಖಾನೆಯ ಹಂದಿಗಳ ಪಿಟ್ಯೂಟರಿಯಿಂದ. ಹಂದಿಯ ಪಿಟ್ಯೂಟರಿಯ ರಸ ರೋಗಿಯ ಅಡ್ರಿನಲ್ಲನ್ನು ಎಬ್ಬಿಸಿತು, ಅಡ್ರಿನಲ್ ಕಾರ್ಟಿಸಾಲ್ ಸುರಿಸಿತು, ಕುತ್ತಿಗೆಯ ಗಂಟುಗಳು ಇಳಿದವು. ಆಮೇಲೆ ಮರಳಿದವು, ನಿಜ. ಆದರೆ ಪಿಟ್ಯೂಟರಿ ಹೇಳಿದರೆ ಲಿಂಫೋಮಾ ಕುಗ್ಗುತ್ತದೆ ಎಂಬುದು ಅಲ್ಲಿಗೆ ಸಾಬೀತಾಯಿತು.

ಹೇಗೆ ಸಾಯುತ್ತದೆ ಆ ಕಣ? ಕಾರ್ಟಿಸಾಲ್ ಜೀವಕೋಶದ ಪೊರೆಯನ್ನು ಸಲೀಸಾಗಿ ದಾಟಿ ಒಳಗಿನ ಗ್ರಾಹಕಕ್ಕೆ ಅಂಟುತ್ತದೆ. ಎರಡೂ ಸೇರಿ ಕೋಶಕೇಂದ್ರಕ್ಕೆ ಹೋಗಿ, ಸಾವಿನ ಪ್ರೋಟೀನುಗಳನ್ನು ಹೊಸೆಯುವ ಜೀನುಗಳನ್ನು ಎಬ್ಬಿಸುತ್ತವೆ. ಕಣ ಮುದುಡುತ್ತದೆ, ಡಿಎನ್‌ಎ ಲೆಕ್ಕಾಚಾರದ ತುಂಡುಗಳಾಗಿ ಕತ್ತರಿಸಿಹೋಗುತ್ತದೆ, ಒಡೆದ ಚೂರುಗಳನ್ನು ಪಕ್ಕದ ಕಣಗಳು ನುಂಗುತ್ತವೆ. ಗದ್ದಲವಿಲ್ಲ, ಕೀವಿಲ್ಲ. 1972ರಲ್ಲಿ ಕೆರ್, ವೈಲಿ, ಕರಿ ಎಂಬ ಮೂವರು ಈ ಬಗೆಯ ಸಾವಿಗೆ ಅಪಾಪ್ಟೋಸಿಸ್ ಎಂದು ಹೆಸರಿಟ್ಟರು. 1980ರಲ್ಲಿ ವೈಲಿ ಡಿಎನ್‌ಎ ತುಂಡಾಗುವುದನ್ನು ತೋರಿಸಲು ಆರಿಸಿಕೊಂಡದ್ದು ಸ್ಟಿರಾಯ್ಡ್ ಸೋಕಿದ ಥೈಮಸ್ಸಿನ ಲಿಂಫೋಸೈಟುಗಳನ್ನೇ.

ಇದೆಲ್ಲ ಪ್ರಯೋಗಾಲಯದ ಮಾತೆಂದು ತಳ್ಳಬೇಡಿ. ನಾವು ಏಳುವ ಮೊದಲೇ, ಬೆಳಗಿನ ಜಾವ ಪಿಟ್ಯೂಟರಿ ಎಸಿಟಿಎಚ್ ಬಿಡುತ್ತದೆ. ಕಾರ್ಟಿಸಾಲ್ ಏರುತ್ತದೆ, ರಕ್ತದಲ್ಲಿ ಓಡಾಡುವ ಲಿಂಫೋಸೈಟುಗಳ ಸಂಖ್ಯೆ ಇಳಿಯುತ್ತದೆ. ಅವುಗಳಲ್ಲಿ ಬಹುಪಾಲು ಮೂಳೆಯ ಮಜ್ಜೆಗೆ ಸರಿಯುತ್ತವೆ. ರಾತ್ರಿ ಕಾರ್ಟಿಸಾಲ್ ತಗ್ಗಿದಾಗ ಮತ್ತೆ ಹೊರಬರುತ್ತವೆ. ಈ ಏರಿಳಿತ ನಿಮ್ಮ ಮೈಯಲ್ಲೂ ದಿನಾ ನಡೆದಿದೆ.

ಈಗ ಅರವತ್ತರ ಆಸುಪಾಸಿನ ಒಬ್ಬರನ್ನು ಊಹಿಸಿಕೊಳ್ಳಿ. ವರದಿಯಾದವರಲ್ಲಿ ಬಹಳ ಮಂದಿ ಆ ವಯಸ್ಸಿನವರು. ಮೊದಲು ತಲೆನೋವು. ಆಮೇಲೆ ಒಂದು ಬೆಳಗ್ಗೆ ಎದುರಿನ ವಸ್ತು ಎರಡಾಗಿ ಕಾಣುತ್ತದೆ, ಒಂದು ರೆಪ್ಪೆ ಜೋಲುತ್ತದೆ: ಗಡ್ಡೆ ಪಕ್ಕಕ್ಕೆ ನುಗ್ಗಿ ಕಣ್ಣುಗುಡ್ಡೆಯ ನರವನ್ನು ಹಿಡಿದಿದೆ. ಮೇಲಕ್ಕೆ ಬೆಳೆದರೆ ಎಡಬಲದ ಅಂಚುಗಳು ಕಾಣದಾಗುತ್ತವೆ. ಬಾಗಿಲ ಚೌಕಟ್ಟಿಗೆ ಭುಜ ಬಡಿಯುತ್ತದೆ. ಇವು ಕಣ್ಣಿಗೆ ಬೀಳುವ ಲಕ್ಷಣಗಳು. ಒಳಗೆ ಹಾರ್ಮೋನುಗಳು ಒಂದೊಂದಾಗಿ ಸದ್ದಿಲ್ಲದೆ ನಿಲ್ಲುತ್ತಿರುತ್ತವೆ. ಟಿಎಸ್‌ಎಚ್ ನಿಂತರೆ ಚಳಿ, ಜಡತ್ವ, ಮಲಬದ್ಧತೆ. ಎಲ್‌ಎಚ್, ಎಫ್‌ಎಸ್‌ಎಚ್ ನಿಂತರೆ ಗಂಡಸಿನ ಕಾಮಾಸಕ್ತಿ ಉಡುಗುತ್ತದೆ, ಎಳೆಯ ಹೆಂಗಸಾದರೆ ಮುಟ್ಟು ನಿಲ್ಲುತ್ತದೆ. ಎಸಿಟಿಎಚ್ ನಿಂತರೆ ಊಟ ಸೇರದು, ಎದ್ದು ನಿಂತರೆ ತಲೆ ತಿರುಗುತ್ತದೆ, ರಕ್ತದ ಸೋಡಿಯಂ ಇಳಿಯುತ್ತದೆ. ಆಡಿಸನ್‌ನ ರೋಗಿಗಳು ಕಪ್ಪಾಗುತ್ತಿದ್ದರೆ ಇವರು ಬಿಳಿಚಿಕೊಳ್ಳುತ್ತಾರೆ. ಎಸಿಟಿಎಚ್‌ಗೆ ಚರ್ಮದ ಬಣ್ಣ ಹೆಚ್ಚಿಸುವ ಗುಣವೂ ಇದೆ. ಅಡ್ರಿನಲ್ ಸತ್ತಾಗ ಪಿಟ್ಯೂಟರಿ ಕೂಗಿ ಕೂಗಿ ಎಸಿಟಿಎಚ್ ಸುರಿಸುತ್ತದೆ, ಪಿಟ್ಯೂಟರಿಯೇ ಸತ್ತಾಗ ಕೂಗುವವರಿಲ್ಲ. ವೈದ್ಯರು ಅಂಗೈ ಗೆರೆಗಳನ್ನೂ ವಸಡನ್ನೂ ನೋಡಿಯೇ ತಪ್ಪು ಯಾವ ಮಹಡಿಯಲ್ಲಿದೆ ಎಂದು ಅಂದಾಜು ಮಾಡಬಲ್ಲರು.

ಎಲ್ಲ ಹಾರ್ಮೋನುಗಳೂ ಇಳಿಯುವಾಗ ಒಂದು ಮಾತ್ರ ಏರಬಹುದು, ಅದು ಪ್ರೊಲ್ಯಾಕ್ಟಿನ್! ಉಳಿದವಕ್ಕೆಲ್ಲ ಹೈಪೊಥಲಾಮಸ್ ‘ಮಾಡು’ ಎಂದು ಹೇಳಿದರೆ ಪ್ರೊಲ್ಯಾಕ್ಟಿನ್‌ಗೆ ಮಾತ್ರ ಡೋಪಮಿನ್ ಮೂಲಕ ‘ಬೇಡ, ಬೇಡ’ ಎನ್ನುತ್ತಿರುತ್ತದೆ. ಗಡ್ಡೆ ಹೈಪೊಥಲಾಮಸ್ಸಿಗೂ ಪಿಟ್ಯೂಟರಿಗೂ ನಡುವಿನ ತೊಟ್ಟನ್ನು ಒತ್ತಿದರೆ ಆ ‘ಬೇಡ’ ಕೆಳಗೆ ತಲುಪುವುದಿಲ್ಲ. ಬಾಣಂತಿಯಲ್ಲದ ಹೆಂಗಸಿಗೆ, ಒಮ್ಮೊಮ್ಮೆ ಗಂಡಸಿಗೂ, ಮೊಲೆಯಿಂದ ಹಾಲು ಜಿನುಗಿದ್ದುಂಟು.

ಪತ್ತೇದಾರಿಯ ನಿಜವಾದ ಸುಳಿವು ಬೇರೆ ಕಡೆ ಇದೆ, ನೀರಿನ ಚೊಂಬಿನಲ್ಲಿ. ಶವಪರೀಕ್ಷೆಗಳಲ್ಲಿ ಹುಡುಕಿದರೆ ಹತ್ತರಲ್ಲಿ ಒಬ್ಬರಿಗಾದರೂ ಪಿಟ್ಯೂಟರಿಯಲ್ಲಿ ಅಡಿನೋಮಾ ಎಂಬ ಸಾಧು ಗಡ್ಡೆ ಸಿಗುತ್ತದೆ. ಬದುಕಿದ್ದಾಗ ಅವರಿಗೆ ಅದರ ಸುಳಿವೂ ಇರುವುದಿಲ್ಲ. ಹಾಗಾಗಿ ಸ್ಕ್ಯಾನಿನಲ್ಲಿ ಉಂಡೆ ಕಂಡಾಕ್ಷಣ ಅಡಿನೋಮಾ ಎಂದುಕೊಳ್ಳುವುದು ಸಹಜ. ಆದರೆ ಅಡಿನೋಮಾ ಎಷ್ಟೇ ದೊಡ್ಡದಾದರೂ ಶಸ್ತ್ರಚಿಕಿತ್ಸೆಗೆ ಮುಂಚೆ ವ್ಯಾಸೊಪ್ರೆಸಿನ್ ಕೊರತೆ ತರುವುದು ತೀರ ವಿರಳ. ವ್ಯಾಸೊಪ್ರೆಸಿನ್ ಇಲ್ಲದಿದ್ದರೆ ಕಿಡ್ನಿ ನೀರನ್ನು ಹಿಡಿದಿಡುವುದಿಲ್ಲ: ದಿನಕ್ಕೆ ಐದು, ಎಂಟು, ಹತ್ತು ಲೀಟರ್ ಮೂತ್ರ, ರಾತ್ರಿಯಿಡೀ ಬಾಯಾರಿಕೆ. ಸಕ್ಕರೆ ಕಾಯಿಲೆ ಎಂದು ಪರೀಕ್ಷೆ ಮಾಡಿಸಿದರೆ ಸಕ್ಕರೆ ಸರಿಯಾಗಿಯೇ ಇರುತ್ತದೆ. ಪಿಟ್ಯೂಟರಿಯಲ್ಲಿ ಉಂಡೆ, ಜೊತೆಗೆ ಇಂಥ ಬಾಯಾರಿಕೆ, ಜೊತೆಗೆ ಕೆಲವೇ ವಾರಗಳಲ್ಲಿ ಬಿಗಡಾಯಿಸಿದ ಕಣ್ಣಿನ ನರ ಎಂದರೆ ಅನುಭವಿ ಎಂಡೋಕ್ರಿನಾಲಜಿಸ್ಟ್ ಕುರ್ಚಿಯಲ್ಲಿ ನೆಟ್ಟಗಾಗುತ್ತಾರೆ. ಬೇರೆ ಅಂಗದ ಕ್ಯಾನ್ಸರ್ ಹರಡಿದ್ದೇ? ಉರಿಯೂತವೇ? ಕ್ಷಯದ ಗಂಟೇ? ನಮ್ಮ ದೇಶದಲ್ಲಿ ಟಿಬಿಯ ಸಂಶಯ ಬಿಡುವಂತಿಲ್ಲ. ಅದು ಪಿಟ್ಯೂಟರಿಗೂ ಬರುತ್ತದೆ. ಅಥವಾ ಲಿಂಫೋಮಾವೇ?

ಅಂದಹಾಗೆ, ಪಿಟ್ಯೂಟರಿ ಸಾಯುವ ಕಥೆ ಕರ್ನಾಟಕದ ಹೊಲಗದ್ದೆಗಳಿಗೆ ದೂರದ್ದಲ್ಲ. ಕೊಳಕುಮಂಡಲ ಕಚ್ಚಿ ಬದುಕುಳಿದವರಲ್ಲಿ ಕೆಲವರಿಗೆ ವಿಷದಿಂದ ಪಿಟ್ಯೂಟರಿಯೊಳಗೆ ರಕ್ತ ಹೆಪ್ಪುಗಟ್ಟಿಯೋ ಸೋರಿಯೋ ಗ್ರಂಥಿ ಹಾಳಾಗುತ್ತದೆ. ಮ್ಯಾನ್ಮಾರ್ ಮತ್ತು ದಕ್ಷಿಣ ಭಾರತದ ವೈದ್ಯರು ಇದನ್ನು ಚೆನ್ನಾಗಿ ಬಲ್ಲರು. ಹೆರಿಗೆಯಲ್ಲಿ ವಿಪರೀತ ರಕ್ತ ಹೋದ ತಾಯಂದಿರಿಗೆ ಹೀಗಾಗುವುದನ್ನು 1937ರಲ್ಲಿ ಹೆರಾಲ್ಡ್ ಶೀಹನ್ ವಿವರಿಸಿದ. ಹಾವು, ಹೆರಿಗೆ, ಲಿಂಫೋಮಾ ಈ ಮೂರೂ ಕೊನೆಗೆ ಬರೆಸುವುದು ಒಂದೇ ಮಾತ್ರೆಗಳ ಚೀಟಿ.

ಈ ಹಂತದಲ್ಲಿ ವೈದ್ಯರಿಗೆ ಎದುರಾಗುವ ಇಕ್ಕಟ್ಟನ್ನು ನೋಡಿ! ರೋಗಿಯ ಕಾರ್ಟಿಸಾಲ್ ನೆಲಕಚ್ಚಿದೆ. ಕೊಡದಿದ್ದರೆ ಸಣ್ಣ ಜ್ವರಕ್ಕೂ ಬಿಪಿ ಕುಸಿದು ಪ್ರಾಣ ಹೋಗಬಹುದು. ಕೊಟ್ಟರೋ, ಅದೇ ಬಳಗದ ಔಷಧ ಲಿಂಫೋಮಾವನ್ನು ಕರಗಿಸಿ, ಚೂರು ತೆಗೆದು ನೋಡುವ ಬಯಾಪ್ಸಿಯನ್ನು ಹಾಳುಮಾಡುತ್ತದೆ. ಬಿಡುಗಡೆ ಇರುವುದು ಅಳತೆಯಲ್ಲಿ. ದೇಹ ತಾನೇ ತಯಾರಿಸುವಷ್ಟನ್ನು ತುಂಬಿಕೊಡಲು ದಿನಕ್ಕೆ 15ರಿಂದ 25 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್ (ಮಾತ್ರೆಯ ರೂಪದ ಕಾರ್ಟಿಸಾಲ್) ಸಾಕು. ಮಿದುಳಿನ ಊತಕ್ಕೆಂದು ಕೊಡುವ 16 ಮಿಲಿಗ್ರಾಂ ಡೆಕ್ಸಾಮೆಥಸೋನ್ ಸುಮಾರು 400 ಮಿಲಿಗ್ರಾಂ ಹೈಡ್ರೊಕಾರ್ಟಿಸೋನಿಗೆ ಸಮ! ಮೊದಲನೆಯದು ಜೀವ ಉಳಿಸುತ್ತದೆ. ಎರಡನೆಯದನ್ನು, ದೃಷ್ಟಿಯೋ ಪ್ರಾಣವೋ ಅಪಾಯದಲ್ಲಿದ್ದರೆ ಹೊರತು, ಬಯಾಪ್ಸಿ ಆಗುವ ತನಕ ಮುಟ್ಟಬಾರದು ಎನ್ನುವುದು ಲಿಂಫೋಮಾ ಬಲ್ಲವರ ಪಾಠ.

ಥೈರಾಯ್ಡ್ ಹಾರ್ಮೋನಾದ ಥೈರಾಕ್ಸಿನ್ ಮಾತ್ರೆಯನ್ನೂ ಅವಸರಪಟ್ಟು ಮೊದಲೇ ಕೊಡುವಂತಿಲ್ಲ. ಅದು ಇರುವ ಅಲ್ಪಸ್ವಲ್ಪ ಕಾರ್ಟಿಸಾಲನ್ನೂ ಬೇಗ ಬೇಗ ಖರ್ಚು ಮಾಡಿಸಿ ರೋಗಿಯನ್ನು ಅಪಾಯಕ್ಕೆ ನೂಕಬಲ್ಲದು. ಕಾರ್ಟಿಸಾಲ್ ಮೊದಲು, ಥೈರಾಕ್ಸಿನ್ ಆಮೇಲೆ. ಇನ್ನೊಂದು ಸೋಜಿಗ ಕೇಳಿ. ಕಾರ್ಟಿಸಾಲ್ ಕೊರತೆಯಿದ್ದಾಗ ಕಿಡ್ನಿ ನೀರನ್ನು ಸರಿಯಾಗಿ ಹೊರಹಾಕುವುದಿಲ್ಲ. ಹಾಗಾಗಿ ವ್ಯಾಸೊಪ್ರೆಸಿನ್ ಕೊರತೆ ಇದ್ದರೂ ಅದು ಮರೆಯಲ್ಲೇ ಉಳಿದಿರುತ್ತದೆ. ಹೈಡ್ರೊಕಾರ್ಟಿಸೋನ್ ಶುರುಮಾಡಿದ ಮೇಲೆ ರೋಗಿ ಲೀಟರ್‌ಗಟ್ಟಲೆ ಮೂತ್ರ ಮಾಡತೊಡಗುತ್ತಾರೆ. ನರ್ಸ್ ಬರೆದಿಡುವ ಲೆಕ್ಕದ ಹಾಳೆಯಲ್ಲಿ ಅಂಕಿಗಳು ಏಕಾಏಕಿ ಜಿಗಿಯುತ್ತವೆ. ಒಂದು ಹಾರ್ಮೋನು ಕೊಟ್ಟಾಗ ಇನ್ನೊಂದರ ಗೈರುಹಾಜರಿ ಬಯಲಾಗುತ್ತದೆ. ಆಗ ವ್ಯಾಸೊಪ್ರೆಸಿನ್ ಜಾಗ ತುಂಬುವ ಡೆಸ್ಮೊಪ್ರೆಸಿನ್ ಎಂಬ ಮಾತ್ರೆ ಅಥವಾ ಮೂಗಿನ ಸ್ಪ್ರೇ ಸೇರುತ್ತದೆ.

ಮೂಗಿನ ದಾರಿಯಲ್ಲಿ ತೆಗೆದ ಚೂರು ಪೆಥಾಲಜಿಸ್ಟ್ ಮೇಜಿಗೆ ಬರುತ್ತದೆ, ಅಕ್ಕಿಯ ನುಚ್ಚಿಗಿಂತ ದೊಡ್ಡದೇನಲ್ಲ. ಗಾಜಿನ ಪಟ್ಟಿಗೆ ಅದನ್ನು ಮೆಲ್ಲಗೆ ಒತ್ತಿ, ಬಣ್ಣ ಹಾಕಿ ನೋಡುತ್ತಾರೆ. ಆರೋಗ್ಯವಂತ ಪಿಟ್ಯೂಟರಿಯಾಗಿದ್ದರೆ ಗುಲಾಬಿ, ನೀಲಿ, ಮಾಸಲು ಬಣ್ಣದ ಕಣಗಳು ಸಣ್ಣ ಸಣ್ಣ ಗುಂಪುಗಳಾಗಿ, ನಡುವೆ ಎಳೆಗಳ ಬೇಲಿ ಕಟ್ಟಿಕೊಂಡು ಕುಳಿತಿರಬೇಕು. ಅಡಿನೋಮಾದಲ್ಲಿ ಬೇಲಿ ಮುರಿದಿರುತ್ತದೆ, ಕಣಗಳು ಒಂದೇ ರೂಪದವಾಗಿರುತ್ತವೆ. ಲಿಂಫೋಮಾದಲ್ಲಿ ಒಂದಕ್ಕೊಂದು ಅಂಟದ, ಬಿಡಿಬಿಡಿಯಾದ ದಪ್ಪ ಕಣಗಳು. ಒಳಗೆ ಎದ್ದು ಕಾಣುವ ನ್ಯೂಕ್ಲಿಯೋಲಸ್, ಸುತ್ತ ಹರಿದ ಕಣಗಳ ಚೂರುಪಾರು. ಸ್ವಲ್ಪ ಜೋರಾಗಿ ಒತ್ತಿದರೂ ಅವು ನಜ್ಜುಗುಜ್ಜಾಗಿ ನೀಲಿ ಗೀಟುಗಳಾಗಿಬಿಡುತ್ತವೆ. ಆಮೇಲೆ ಸಿಡಿ20 ಎಂಬ ಗುರುತಿನ ಬಣ್ಣ. ಬಿ ಲಿಂಫೋಸೈಟಿನ ಮೈಮೇಲಿರುವ ಪ್ರೋಟೀನು ಅದು. ಕಣಗಳೆಲ್ಲ ಸುತ್ತಲೂ ಕಂದು ಅಂಚು ಕಟ್ಟಿಕೊಂಡರೆ ಗುಟ್ಟು ರಟ್ಟು: ಇವು ಪಿಟ್ಯೂಟರಿಯ ಮಕ್ಕಳಲ್ಲ. ಕಿ-67 ಎಂಬ ಇನ್ನೊಂದು ಬಣ್ಣ ವಿಭಜನೆಯಲ್ಲಿ ತೊಡಗಿದ ಕಣಗಳನ್ನು ತೋರಿಸುತ್ತದೆ. ಮಾಮೂಲಿ ಅಡಿನೋಮಾದಲ್ಲಿ ನೂರಕ್ಕೆ ಮೂರು ಕಣಗಳೂ ಹೊಳೆಯುವುದಿಲ್ಲ. ಇಲ್ಲಿ ಎಂಬತ್ತು, ತೊಂಬತ್ತು ಹೊಳೆಯಬಹುದು! ಬಹುಪಾಲು ಪ್ರಕರಣಗಳಲ್ಲಿ ಇದು ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಎಂಬ ಬಗೆ. ಟಿ-ಸೆಲ್ ಬಗೆ ಇನ್ನೂ ವಿರಳ. ಅಡಿನೋಮಾ ಮತ್ತು ಲಿಂಫೋಮಾ ಎರಡೂ ಒಂದೇ ಗ್ರಂಥಿಯಲ್ಲಿ ಸಿಕ್ಕ ರೋಗಿಗಳೂ ಇದ್ದಾರೆ.

ಗಡ್ಡೆಯೇ ಇಲ್ಲದ ಲಿಂಫೋಮಾ ಕೂಡ ಇದೆ ಎಂದರೆ ನಂಬುತ್ತೀರಾ? 1959ರಲ್ಲಿ ಫ್ಲೇಗರ್ ಮತ್ತು ಟಾಪೈನರ್ ಎಂಬ ಚರ್ಮರೋಗ ತಜ್ಞರು ವಿಚಿತ್ರವೊಂದನ್ನು ಕಂಡರು: ಸಣ್ಣ ರಕ್ತನಾಳಗಳ ಒಳಗೇ ದೊಡ್ಡ ದೊಡ್ಡ ಕಣಗಳು ತುಂಬಿಕೊಂಡಿವೆ. ನಾಳದ ಗೋಡೆಯದೇ ಕಾಯಿಲೆ ಎಂದುಕೊಂಡರು. ಅವು ಲಿಂಫೋಸೈಟುಗಳೆಂದು ಗೊತ್ತಾದದ್ದು ದಶಕಗಳ ಮೇಲೆ, ಗುರುತಿನ ಬಣ್ಣಗಳು ಬಂದಾಗ. ಆರೋಗ್ಯವಂತ ಲಿಂಫೋಸೈಟ್ ನಾಳದ ಗೋಡೆಗೆ ಅಂಟಿ, ನುಸುಳಿ ಹೊರಬರುತ್ತದೆ. ಇವುಗಳಲ್ಲಿ ಅದಕ್ಕೆ ಬೇಕಾದ ಅಂಟುವ ಪ್ರೋಟೀನುಗಳೇ ಇಲ್ಲ. ಹೊರಬರಲಾಗದೆ ಒಳಗೇ ಬೆಳೆಯುತ್ತವೆ. ಹಾರ್ಮೋನು ಗ್ರಂಥಿಗಳ ಒತ್ತೊತ್ತಾದ ಲೋಮನಾಳಗಳು ಇವಕ್ಕೆ ಹೇಳಿ ಮಾಡಿಸಿದ ಜಾಗ. ಪಿಟ್ಯೂಟರಿಗೆ ಬಂದರೆ ಎಂಆರ್‌ಐನಲ್ಲಿ ಹೆಚ್ಚೇನೂ ಕಾಣದಿರಬಹುದು. ಜ್ವರ, ಕುಸಿದ ಹಾರ್ಮೋನುಗಳು, ರಕ್ತದಲ್ಲಿ ಏರಿದ ಎಲ್‌ಡಿಎಚ್ ಎಂಬ ಕಿಣ್ವ ಅಷ್ಟೇ ಸುಳಿವು. ಹಾಗಿದ್ದರೆ ಹಿಡಿಯುವುದು ಹೇಗೆ? ನೋಡಲು ಏನೂ ಆಗಿರದ ಹೊಟ್ಟೆಯ, ತೊಡೆಯ ಚರ್ಮದಿಂದ ಚೂರು ತೆಗೆದು ನೋಡುತ್ತಾರೆ! ಕೊಬ್ಬಿನ ಸಣ್ಣ ನಾಳಗಳಲ್ಲಿ ಆ ಕಣಗಳು ಸಿಕ್ಕಿಬೀಳುತ್ತವೆ. ತಲೆಯೊಳಗಿನ ಗ್ರಂಥಿಯ ಕಾಯಿಲೆ ತೊಡೆಯ ಚರ್ಮದಲ್ಲಿ ಪತ್ತೆಯಾಗುವುದು ನನ್ನ ಮಟ್ಟಿಗೆ ಈ ಇಡೀ ಕಥೆಯ ಅತಿ ಸುಂದರ ಜಾಣತನ.

ಲಿಂಫೋಸೈಟುಗಳೇ ಇಲ್ಲದ ಗ್ರಂಥಿಯಲ್ಲಿ ಲಿಂಫೋಮಾ ಹುಟ್ಟುವುದೆಲ್ಲಿಂದ? ಅವು ಮೊದಲೇ ಅಲ್ಲಿಗೆ ಬಂದು ಸೇರಿದ ಒಂದು ಕಾಯಿಲೆಯ ಕಡೆ ಸಂಶೋಧಕರ ಕಣ್ಣಿದೆ. 1962ರಲ್ಲಿ ಸ್ಕಾಟ್ಲೆಂಡಿನ ಗೌಡಿ ಮತ್ತು ಪಿಂಕರ್ಟನ್ 22ರ ಹರೆಯದ ತಾಯಿಯೊಬ್ಬಳ ಶವಪರೀಕ್ಷೆಯನ್ನು ವರದಿ ಮಾಡಿದರು. ಹೆರಿಗೆಯಾದ ಮೇಲೆ ಆಕೆ ಬಳಲತೊಡಗಿದ್ದಳು, ಮುಟ್ಟು ನಿಂತಿತ್ತು. ಹೊಟ್ಟೆನೋವೆಂದು ಬಂದಾಗ ಅಪೆಂಡಿಕ್ಸ್ ತೆಗೆದರು. ಸರಳ ಶಸ್ತ್ರಚಿಕಿತ್ಸೆ, ಕೆಲವೇ ಗಂಟೆಗಳಲ್ಲಿ ಬಿಪಿ ಕುಸಿದು ತೀರಿಕೊಂಡಳು. ಶಸ್ತ್ರಚಿಕಿತ್ಸೆಯ ಒತ್ತಡಕ್ಕೆ ಆರೋಗ್ಯವಂತ ಪಿಟ್ಯೂಟರಿ ಎಸಿಟಿಎಚ್ ಸುರಿಸಿ ಕಾರ್ಟಿಸಾಲ್ ಏರಿಸಬೇಕಿತ್ತು. ಆಕೆಯ ಪಿಟ್ಯೂಟರಿ ತುಂಬ ಲಿಂಫೋಸೈಟುಗಳು ಮುತ್ತಿದ್ದವು, ಕ್ಯಾನ್ಸರ್ ಅಲ್ಲದ, ತಮ್ಮವರನ್ನೇ ವೈರಿಯೆಂದು ತಿಳಿದ ಲಿಂಫೋಸೈಟುಗಳು. ಲಿಂಫೋಸೈಟಿಕ್ ಹೈಪೊಫೈಸೈಟಿಸ್ ಎಂದು ಇಂದು ಕರೆಯುವ ಕಾಯಿಲೆಯ ಮೊದಲ ದಾಖಲೆ ಅದು. ಈಗ ಕ್ಯಾನ್ಸರಿಗೆ ರೋಗನಿರೋಧಕ ಕಣಗಳ ಕಡಿವಾಣ ಬಿಚ್ಚುವ ಇಪಿಲಿಮುಮಾಬ್‌ನಂಥ ಔಷಧ ಕೊಟ್ಟಾಗಲೂ ಇಂಥದೇ ಉರಿಯೂತ ಬರುತ್ತದೆ; ಆ ಔಷಧ ಹಿಡಿಯುವ ಪ್ರೋಟೀನು ಪಿಟ್ಯೂಟರಿ ಕಣಗಳ ಮೇಲೂ ಇದೆಯಂತೆ! ಹೈಪೊಫೈಸೈಟಿಸ್ ಎಂದು ಹೇಳಿಸಿಕೊಂಡವರಲ್ಲಿ ಮುಂದೆ ಲಿಂಫೋಮಾ ಬಯಲಾದ ಉದಾಹರಣೆಗಳಿವೆ. ಅದು ಮೊದಲಿನಿಂದಲೂ ಲಿಂಫೋಮಾವೇ ಆಗಿತ್ತೋ, ಉರಿಯೂತ ಕ್ರಮೇಣ ಕ್ಯಾನ್ಸರಾಗಿ ತಿರುಗಿತೋ ಎಂಬ ವಾದ ನಡೆದೇ ಇದೆ. ಹೈಪೊಫೈಸೈಟಿಸ್‌ಗೆ ಮದ್ದೂ ಸ್ಟಿರಾಯ್ಡೇ ಆದ್ದರಿಂದ ಮದ್ದಿಗೆ ಗಡ್ಡೆ ಕರಗಿದ್ದನ್ನು ಸಾಕ್ಷಿಯೆಂದು ಹಿಡಿಯುವಂತಿಲ್ಲ.

ಚಿಕಿತ್ಸೆಯ ಬುತ್ತಿಯಲ್ಲೂ ಅಚ್ಚರಿಗಳಿಗೆ ಬರವಿಲ್ಲ. ಮಿದುಳಿನ ಲಿಂಫೋಮಾಕ್ಕೆ ಬೆನ್ನೆಲುಬಾದ ಮೆಥೊಟ್ರೆಕ್ಸೇಟ್ ರೂಪುಗೊಂಡದ್ದು ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ, ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಿಂದ. ಆರ್-ಚಾಪ್ ಎಂಬ ಇನ್ನೊಂದು ಕಟ್ಟಿನಲ್ಲಿ ಐದು ಔಷಧಗಳಿವೆ. ಮೊದಲನೆಯದು ರಿಟುಕ್ಸಿಮಾಬ್, ಪೆಥಾಲಜಿಸ್ಟ್ ಕಂದು ಬಣ್ಣದಲ್ಲಿ ಕಂಡ ಅದೇ ಸಿಡಿ20ಯನ್ನು ಹುಡುಕಿ ಹಿಡಿಯುವ ಪ್ರತಿಕಾಯ, ಅಮೆರಿಕದಲ್ಲಿ 1997ರಲ್ಲಿ ಮಂಜೂರಾದದ್ದು. ಒಂದು ಯುದ್ಧದ ಸಾಸಿವೆ ಅನಿಲದ ವಂಶದ್ದು. ಇನ್ನೊಂದು ಮಣ್ಣಿನ ಬ್ಯಾಕ್ಟೀರಿಯಾದಿಂದ ಬಂದದ್ದು. ಮತ್ತೊಂದು ವಿನ್‌ಕ್ರಿಸ್ಟಿನ್, ನಮ್ಮ ಮನೆಯಂಗಳದ ಕಾಶಿ ಕಣಗಿಲೆ ಗಿಡದ್ದು. ಕೊನೆಯದು ಪ್ರೆಡ್ನಿಸೋನ್, ಕಾರ್ಟಿಸಾಲ್‌ನ ದಾಯಾದಿ. ಬಯಾಪ್ಸಿ ಆಗುವ ತನಕ ದೂರವಿಟ್ಟದ್ದನ್ನು ಈಗ ಕೈತುಂಬ ಕೊಡುತ್ತಾರೆ.

ಗಡ್ಡೆ ಹೋದ ಮೇಲೆ ಗ್ರಂಥಿ ಎದ್ದೀತೇ? ರೆಪ್ಪೆ ಮೇಲೇಳುವುದು, ಕಣ್ಣು ಸರಿಹೋಗುವುದು ಬೇಗ ಗೊತ್ತಾಗುತ್ತದೆ. ಹಾರ್ಮೋನುಗಳದ್ದು ನಿಧಾನ. ತಿಂಗಳುಗಟ್ಟಲೆ ಪ್ರೆಡ್ನಿಸೋನ್ ತಿಂದರೆ ಪಿಟ್ಯೂಟರಿ ‘ಹೊರಗಿನಿಂದ ಬರುತ್ತಿದೆಯಲ್ಲ’ ಎಂದು ಎಸಿಟಿಎಚ್ ಬಿಡುವುದನ್ನು ತಾನೇ ನಿಲ್ಲಿಸಿರುತ್ತದೆ. ಈಗ ಅದರ ಮೌನ ಲಿಂಫೋಮಾ ಮಾಡಿದ ಗಾಯದ್ದೋ, ಔಷಧ ಹಾಕಿದ ಜೋಗುಳದ್ದೋ? ಹೈಡ್ರೊಕಾರ್ಟಿಸೋನ್ ಮುಂದುವರಿಸುತ್ತಾರೆ, ಜ್ವರ ಬಂದರೆ ಎರಡರಷ್ಟು ತೆಗೆದುಕೊಳ್ಳಿ ಎಂದು ಚೀಟಿಯಲ್ಲಿ ಬರೆದುಕೊಡುತ್ತಾರೆ. ಕೆಲವು ತಿಂಗಳ ಮೇಲೆ, ಹಿಂದಿನ ದಿನದ ಮಧ್ಯಾಹ್ನದ ಮಾತ್ರೆಯ ನಂತರ ಏನೂ ತೆಗೆದುಕೊಳ್ಳದೆ ಬರಹೇಳಿ, ಬೆಳಗ್ಗೆ 8 ಗಂಟೆಗೆ ರಕ್ತ ತೆಗೆದು ಕಾರ್ಟಿಸಾಲ್ ಎಷ್ಟಿದೆ ನೋಡುತ್ತಾರೆ. ಅನುಮಾನವಿದ್ದರೆ 250 ಮೈಕ್ರೊಗ್ರಾಂ ಕೃತಕ ಎಸಿಟಿಎಚ್ ಚುಚ್ಚಿ ಅರ್ಧ ಗಂಟೆಯ ಮೇಲೊಮ್ಮೆ, ಒಂದು ಗಂಟೆಯ ಮೇಲೊಮ್ಮೆ ಮತ್ತೆ ರಕ್ತ ತೆಗೆಯುತ್ತಾರೆ. ಬಹುಕಾಲ ಆಜ್ಞೆ ಸಿಗದ ಅಡ್ರಿನಲ್ ಕೂಡ ಸೊರಗಿರುತ್ತದೆ. ಬಹಳ ಮಂದಿಗೆ ಮಾತ್ರೆ ಜೀವನಪರ್ಯಂತ ತಪ್ಪುವುದಿಲ್ಲ. ಆದರೆ ಲಿಂಫೋಮಾ ಕರಗಿದ ಮೇಲೆ ಪಿಟ್ಯೂಟರಿ ಮತ್ತೆ ಆಜ್ಞೆ ಕಳಿಸತೊಡಗಿ, ಒಂದೊಂದೇ ಮಾತ್ರೆಯನ್ನು ನಿಲ್ಲಿಸಿದ ರೋಗಿಗಳ ವರದಿಗಳೂ ಪತ್ರಿಕೆಗಳಲ್ಲಿ ಇವೆ.